ಎಳೆತವಿಲ್ಲದೆ ಕಣಗಳು ಗುಂಪಾಗುವುದು ಹೇಗೆ?

ಸಕ್ರಿಯ ಪದಾರ್ಥ, ಅಂದರೆ ಸ್ವಂತ ಶಕ್ತಿಯಿಂದ ಓಡುವ ಕಣಗಳ ಗುಂಪು; ಅದರ ಪಾಠದಲ್ಲಿ ಮೂರು ದಿನ ಸಿಕ್ಕಿಕೊಂಡಿದ್ದೆ. ಗಂಟು ಬಿಚ್ಚಿದ್ದು ನಿನ್ನೆ ಸಂಜೆ, ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಸೋಪಿನ ಅಣುಗಳು ನೀರಿನಲ್ಲಿ ತಾವಾಗಿಯೇ ಪುಟ್ಟ ಉಂಡೆ ಕಟ್ಟುತ್ತವೆ. ಅದಕ್ಕೆ ಇಂಧನ ಬೇಡ. ಹಕ್ಕಿ ಹಿಂಡು ಹಾಗಲ್ಲ, ಪ್ರತಿ ಹಕ್ಕಿಯೂ ತನ್ನ ಶಕ್ತಿ ಖರ್ಚು ಮಾಡಿಕೊಂಡು ಹಾರುತ್ತದೆ. ಜೀವವಿಲ್ಲದ ಕಣಗಳಿಗೂ ಹೀಗೆ ಸ್ವಂತ ಓಟ ಕೊಟ್ಟರೆ ಅದು ಸಕ್ರಿಯ ಪದಾರ್ಥ. 1995ರಲ್ಲಿ ಭೌತವಿಜ್ಞಾನಿ ವಿಚೆಕ್ ಮತ್ತು ಸಂಗಡಿಗರು ಕೊಟ್ಟ ಮಾದರಿ ತುಂಬಾ ಸರಳ: ಎಲ್ಲರದೂ ಒಂದೇ ವೇಗ, ಅಕ್ಕಪಕ್ಕದವರ ಸರಾಸರಿ ದಿಕ್ಕು ಹಿಡಿ, ಜೊತೆಗೆ ಆ ದಿಕ್ಕಿನಲ್ಲಿ ಸ್ವಲ್ಪ ತಪ್ಪು. ತಪ್ಪು ಕಡಿಮೆ ಇದ್ದು ದಟ್ಟಣೆ ಸಾಕಷ್ಟಿದ್ದರೆ, ನಾಯಕನಿಲ್ಲದೆ ಇಡೀ ಹಿಂಡು ಒಂದೇ ಕಡೆ ಹೊರಡುತ್ತದೆ. ಇಲ್ಲಿಯವರೆಗೆ ತೊಂದರೆ ಇರಲಿಲ್ಲ.

ನಾನು ಎಡವಿದ್ದು ಮುಂದಿನ ಮಾತಿನಲ್ಲಿ. ಕಣಗಳ ನಡುವೆ ಎಳೆತವೇ ಇಲ್ಲದಿದ್ದರೂ, ದಿಕ್ಕು ಹೊಂದಿಸಿಕೊಳ್ಳದಿದ್ದರೂ, ಬರೀ ಓಡಾಟದಿಂದಲೇ ಅವು ಗುಂಪು ಕಟ್ಟುತ್ತವಂತೆ! ಕಾರಣ ಎರಡು ಸಾಲು. ದಟ್ಟವಾದ ಕಡೆ ನಿಧಾನ. ನಿಧಾನವಾದ ಕಡೆ ದಟ್ಟ.

ಮೊದಲನೆಯದು ಸುಲಭ. ಎರಡು ಕಣ ಎದುರಾಬದುರಾ ಬಂದು ಮೂತಿ ತಾಗಿಸಿದರೆ ಎರಡೂ ನಿಂತುಬಿಡುತ್ತವೆ. ತಿರುಗಲು ಸಮಯ ಬೇಕು. ಅಷ್ಟರಲ್ಲಿ ಮೂರನೆಯದು ಬಂದು ಹಿಂದಿನಿಂದ ಒತ್ತುತ್ತದೆ.

ಎರಡನೆಯದಕ್ಕೆ ಮೆಟ್ರೋ. ಸೆಕೆಂಡಿಗೆ ಒಬ್ಬರಂತೆ ಜನ ದಾರಿಯೊಳಗೆ ಬರುತ್ತಿದ್ದಾರೆ ಅಂದುಕೊಳ್ಳಿ. ಮೊದಲ 50 ಮೀಟರ್ ಸೆಕೆಂಡಿಗೆ 1 ಮೀಟರ್ ನಡಿಗೆ. ದಾಟಲು 50 ಸೆಕೆಂಡ್, ಹಾಗಾಗಿ ಅಲ್ಲಿ ಯಾವಾಗ ನೋಡಿದರೂ 50 ಜನ. ಮುಂದಿನ 50 ಮೀಟರ್ ಅರ್ಧ ವೇಗ. ದಾಟಲು 100 ಸೆಕೆಂಡ್, ಅಲ್ಲಿ 100 ಜನ. ಯಾರೂ ಯಾರನ್ನೂ ಎಳೆಯಲಿಲ್ಲ, ಆದರೂ ಗೇಟಿನ ಹತ್ತಿರ ಜನ ಎರಡರಷ್ಟು. ದಟ್ಟಣೆಯನ್ನು ವೇಗದಿಂದ ಗುಣಿಸಿದರೆ ಎರಡೂ ಕಡೆ ಒಂದೇ ಉತ್ತರ. ಕಣಗಳು ಎಲ್ಲಾ ದಿಕ್ಕಿಗೂ ಓಡುತ್ತವೆ, ಆದರೂ ಲೆಕ್ಕ ಇದೇ. ಈಗ ಎರಡು ಸಾಲನ್ನೂ ಸೇರಿಸಿ: ನಿಧಾನವಾದದ್ದಕ್ಕೆ ದಟ್ಟವಾಯಿತು, ದಟ್ಟವಾದದ್ದಕ್ಕೆ ಇನ್ನೂ ನಿಧಾನವಾಯಿತು.

ಆದರೆ ಒಂದು ಅನುಮಾನ ರಾತ್ರಿಯೆಲ್ಲಾ ಕಾಡಿತು. ಹಾಗಾದರೆ ಒಂದೇ ಬಿಸಿಯಲ್ಲಿರುವ ತೆಳು ದ್ರವ, ಮಂದ ದ್ರವ ಅಕ್ಕಪಕ್ಕ ಇದ್ದರೆ, ತೇಲುವ ಧೂಳೆಲ್ಲಾ ತಾನು ನಿಧಾನವಾಗುವ ಮಂದ ದ್ರವಕ್ಕೆ ಹೋಗಿ ಸೇರಬೇಕಲ್ವಾ? ಸೇರುವುದಿಲ್ಲ. ಯಾಕೆಂದರೆ ಧೂಳನ್ನು ತಡೆಯುವುದೂ ಕುಲುಕುವುದೂ ಸುತ್ತಲಿನ ಅದೇ ಅಣುಗಳು. ತಡೆ ಮತ್ತು ಕುಲುಕಾಟ ಎರಡೂ ಒಂದಕ್ಕೊಂದು ಕಟ್ಟುಬಿದ್ದಿವೆ, ಹಂಚಿಕೆ ಸಮವಾಗಿಯೇ ಉಳಿಯುತ್ತದೆ. ಸಕ್ರಿಯ ಕಣದ ವೇಗ ಬರುವುದು ಅದರದೇ ಇಂಧನದಿಂದ. ಅಲ್ಲಿ ಈ ಕಟ್ಟು ಇಲ್ಲ. ನನಗೆ ಇಡೀ ಪಾಠದ ಬೀಗದಕೈ ಇದೇ ಅನ್ನಿಸಿತು. ಇದೇ ವಿಷಯದ ಮೇಲೆ ಟೈಲರ್ (Tailleur) ಮತ್ತು ಕೇಟ್ಸ್ (Cates) ಬರೆದ 2008ರ ಪ್ರಬಂಧವನ್ನು ಇದಾದ ಮೇಲೆ ಓದಿ, ಸರಾಗವಾಗಿ ಹೋಗುತ್ತದೆ.

ಪ್ರಯೋಗಗಳಲ್ಲಿ 2013ರ 'ಜೀವಂತ ಹರಳು' ನೋಡಲೇಬೇಕು. ಪಾಲಿಮರ್ ಗೋಲಿಯಿಂದ ಹೆಮಟೈಟ್ (ಕಬ್ಬಿಣದ ಆಕ್ಸೈಡ್) ಚೂರು ಇಣುಕುತ್ತಿರುತ್ತದೆ. ಸುತ್ತಲೂ ಇಂಧನವಾಗಿ ಹೈಡ್ರೋಜನ್ ಪೆರಾಕ್ಸೈಡ್. ನೀಲಿ ಬೆಳಕು ಬಿಟ್ಟರೆ ಗೋಲಿಗಳು ಓಡಿ, ಸೇರಿ, ಹರಳಾಗಿ, ಒಡೆದು ಮತ್ತೆ ಕೂಡುತ್ತವೆ. ಬೆಳಕು ಆರಿಸಿದರೆ ಚದುರುತ್ತವೆ. ಇದನ್ನು ಎಳೆತವಿಲ್ಲದ ಉದಾಹರಣೆ ಅಂತ ಮಾತ್ರ ಬರೆಯಬೇಡಿ. ಇಲ್ಲಿ ಬೆಳಕು ಓಟದ ಜೊತೆ ಎಳೆತವನ್ನೂ ಹುಟ್ಟಿಸುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ನಮ್ಮ ಐಐಎಸ್‌ಸಿಯದು, 2014ರಲ್ಲಿ ಪ್ರಕಟವಾದದ್ದು. ಶ್ರೀರಾಮ್ ರಾಮಸ್ವಾಮಿ, ಎ.ಕೆ. ಸೂದ್ ಅವರ ತಂಡ. ಮೇಲೆ ಕೆಳಗೆ ಅದುರುವ ತಟ್ಟೆ, ಅದರ ಮೇಲೆ ಪುಟ್ಟ ಗುಂಡು ಮಣಿಗಳು, ನಡುವೆ ಒಂದು ತುದಿ ಚೂಪಾದ ಕೆಲವೇ ಲೋಹದ ಕಡ್ಡಿಗಳು. ಆಕಾರ ಹಾಗಿರುವುದರಿಂದ ಅದುರಾಟ ಮುನ್ನಡೆಯಾಗುತ್ತದೆ. ಮಣಿಗಳಿಗೆ ಸ್ವಂತ ಓಟ ಇಲ್ಲ. ಆದರೂ ಮಣಿಗಳ ದಟ್ಟಣೆ ಒಂದು ಮಿತಿ ದಾಟಿತೋ, ದೂರದೂರದ ಕಡ್ಡಿಗಳೆಲ್ಲಾ ಒಂದೇ ದಿಕ್ಕಿಗೆ ತಿರುಗುತ್ತವೆ. ಒಂದು ಕಡ್ಡಿ ತಳ್ಳಿದ ಮಣಿಗಳ ಹರಿವೇ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ.