ಹೋಸ್ಟ್ ಇಲ್ಲದೆ ಹಸಿರು ಸ್ಕ್ರೀನ್: ಟರ್ಮಿನಲ್ ರೆಕಾರ್ಡಿಂಗ್‌ಗಳ ಹಿನ್ನೆಲೆ

ಮೇನ್‌ಫ್ರೇಮ್, ಅಂದರೆ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕ ನಡೆಸುವ ದೊಡ್ಡ ಕಂಪ್ಯೂಟರ್, ಕೈಗೆ ಸಿಗದಿದ್ದಾಗ ಕೆಲಸ ನಡೆಸೋದು ಹೇಗೆ? ಎಲೆಕ್ಟ್ರಾನಿಕ್ ಸಿಟಿಯಿಂದ ಮಾನ್ಯತಾ ಟೆಕ್ ಪಾರ್ಕ್‌ವರೆಗೆ, ಹೊರದೇಶದ ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡಗಳಿಗೆ ಇದು ಹಳೆಯ ಪ್ರಶ್ನೆ. ಉತ್ತರವೂ ಹಳೆಯದೇ. ಹಿಂದೆ ನಡೆದ ಟರ್ಮಿನಲ್ (ಮೇನ್‌ಫ್ರೇಮ್‌ಗೆ ಜೋಡಿಸಿದ ಸ್ಕ್ರೀನ್, ಕೀಬೋರ್ಡ್; ಹಸಿರು ಅಕ್ಷರಗಳಿಂದಾಗಿ 'ಹಸಿರು ಸ್ಕ್ರೀನ್') ಸೆಷನ್ ಒಂದನ್ನು ರೆಕಾರ್ಡ್ ಮಾಡಿಟ್ಟು, ಹೋಸ್ಟ್ (ಅಂದರೆ ಆ ಮೇನ್‌ಫ್ರೇಮ್) ಜಾಗದಲ್ಲಿ ಅದನ್ನೇ ಮತ್ತೆ ಓಡಿಸೋದು. ಹಳೆಯ ವ್ಯವಸ್ಥೆಗಳನ್ನು ಹೊಸದಕ್ಕೆ ಸಾಗಿಸುವ ಕೆಲಸದ ಜೊತೆ ಇದರ ಬಗ್ಗೆ ವಾದವೂ ಜಾಸ್ತಿಯಾಗಿದೆ. ಟೆಸ್ಟಿಂಗ್‌ಗೆ ಇಷ್ಟು ಸಾಕು ಎನ್ನುವವರಿದ್ದಾರೆ. ರೆಕಾರ್ಡಿಂಗ್ ಮೇಲೆ ಪಾಸಾದ ಟೆಸ್ಟ್‌ಗೆ ಬೆಲೆಯೇ ಇಲ್ಲ ಎನ್ನುವವರೂ ಇದ್ದಾರೆ. ಇಬ್ಬರೂ ಒಂದೇ ಕೆಲಸದ ಬಗ್ಗೆ ಮಾತಾಡುತ್ತಿಲ್ಲ, ಹಾಗಾಗಿ ವಾದ ಮುಗಿಯುವುದಿಲ್ಲ.

ಇತಿಹಾಸ ಚುಟುಕಾಗಿ ಹೀಗಿದೆ. 1971ರಲ್ಲಿ ಐಬಿಎಂ 3270 ಟರ್ಮಿನಲ್ ಬಂತು, 1978ರಲ್ಲಿ ಡಿಇಸಿ ಕಂಪನಿಯ ವಿಟಿ100 ಟರ್ಮಿನಲ್ ಬಂತು, 3ಬಿಎಸ್‌ಡಿ ಯುನಿಕ್ಸ್‌ನ ಜೊತೆ ಸೆಷನ್ ಉಳಿಸಿಡುವ 'ಸ್ಕ್ರಿಪ್ಟ್' ಕಮಾಂಡ್ ಬಂತು. 1978ರಲ್ಲೇ ಐಬಿಎಂ ಭಾರತ ಬಿಟ್ಟು ಹೋಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಆಮೇಲೆ ಉಪಗ್ರಹದ ಮೂಲಕ ಹೊರದೇಶಕ್ಕೆ ಕೊಂಡಿ ಹಾಕಿಕೊಂಡಿತು. 1991ರಲ್ಲಿ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಎಸ್‌ಟಿಪಿಐ ಶುರುವಾಗಿ ಚಿಕ್ಕ ಕಂಪನಿಗಳಿಗೂ ಅಂಥ ಸಂಪರ್ಕ ಸಿಗತೊಡಗಿತು. 1992ರಲ್ಲಿ ಐಬಿಎಂ ಟಾಟಾ ಜೊತೆ ಸೇರಿ ವಾಪಸ್ ಬಂತು.

ಈ ಕಥೆಗೆ ಮುಖ್ಯವಾದದ್ದು ಆಮೇಲಿನ ಘಟ್ಟ, ವೈ2ಕೆ (2000ನೇ ಇಸವಿಯ ತಾರೀಕಿನ ತೊಂದರೆ) ಆಸುಪಾಸಿನ ವರ್ಷಗಳು. ಮೇನ್‌ಫ್ರೇಮ್‌ಗಳ ಹಳೆಯ ಪ್ರೋಗ್ರಾಮಿಂಗ್ ಭಾಷೆಯಾದ ಕೋಬಾಲ್‌ನ ಕೆಲಸ ಬೆಂಗಳೂರಿನಲ್ಲಿ ನಡೆಯುತ್ತಿತ್ತು, ಮೆಷಿನ್ ಅಮೆರಿಕದಲ್ಲಿತ್ತು. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಮಧ್ಯರಾತ್ರಿ ಅಂದರೆ ನಮಗೆ ಬೆಳಗ್ಗೆ 10.30. ಅಲ್ಲಿ ಬ್ಯಾಚ್ ಕೆಲಸಗಳು (ಒಟ್ಟಿಗೆ ಕೂಡಿಸಿ ಓಡಿಸುವ ಲೆಕ್ಕಗಳು) ಓಡುವುದು ರಾತ್ರಿ. ಆ ಹೊತ್ತಿನಲ್ಲಿ ಆನ್‌ಲೈನ್ ಸ್ಕ್ರೀನ್‌ಗಳನ್ನು ಮುಚ್ಚಿಡುವ ಪದ್ಧತಿ ಬಹಳ ಕಡೆ ಇತ್ತು. ಇಲ್ಲಿ ಜನ ಕೆಲಸಕ್ಕೆ ಕೂರುವ ಸಮಯಕ್ಕೆ ಅಲ್ಲಿ ಸ್ಕ್ರೀನ್ ಇರುತ್ತಿರಲಿಲ್ಲ. ಸಿಪಿಯು ಬಳಸಿದಷ್ಟೂ ಖರ್ಚು ಬೇರೆ. ಹೊಸದಾಗಿ ಸೇರಿದವರಿಗೆ ಸ್ಕ್ರೀನ್ ತೋರಿಸಿ ಕಲಿಸುವುದಕ್ಕೂ ದಾರಿ ಬೇಕಿತ್ತು. ರೆಕಾರ್ಡಿಂಗ್ ಈ ಜಾಗದಲ್ಲಿ ಬಂದು ಕೂತಿತು.

3270ಗೆ ಇದು ಯಾಕೆ ಚೆನ್ನಾಗಿ ಒಗ್ಗಿತು? ವಿಟಿ100 ಥರದ ಟರ್ಮಿನಲ್‌ನಲ್ಲಿ ಒತ್ತಿದ ಒಂದೊಂದು ಅಕ್ಷರವೂ ಹೋಸ್ಟ್‌ಗೆ ಹೋಗಿ, ಸಾಮಾನ್ಯವಾಗಿ ಅಲ್ಲಿಂದಲೇ ತಿರುಗಿ ಬಂದು ಸ್ಕ್ರೀನ್ ಮೇಲೆ ಕಾಣುತ್ತದೆ. 3270ಯಲ್ಲಿ ಹಾಗಲ್ಲ. ಬ್ಯಾಂಕಿನಲ್ಲಿ ಚಲನ್ ಪೂರ್ತಿ ತುಂಬಿ ಕೌಂಟರ್‌ಗೆ ಕೊಟ್ಟ ಹಾಗೆ. ಹೋಸ್ಟ್ ಒಂದು ಫಾರ್ಮ್ ಕಳಿಸುತ್ತದೆ. ಅತಿ ಸಾಮಾನ್ಯ ಅಳತೆ 24 ಸಾಲು, 80 ಕಾಲಂ, ಒಟ್ಟು 1,920 ಅಕ್ಷರ. ಬಳಸುವವರು ಸುಮ್ನೆ ಟೈಪ್ ಮಾಡುತ್ತಾ ಹೋದರೆ ಹೋಸ್ಟ್‌ಗೆ ಏನೂ ಗೊತ್ತಾಗುವುದಿಲ್ಲ. ಎಂಟರ್ ಅಥವಾ ಪಿಎಫ್ ಕೀ (ಎಫ್1, ಎಫ್2 ಥರದ ಫಂಕ್ಷನ್ ಕೀ) ಒತ್ತಿದಾಗ ಯಾವ ಕೀ, ಕರ್ಸರ್ ಎಲ್ಲಿ, ಯಾವ ಫೀಲ್ಡ್ ಬದಲಾಗಿದೆ ಎನ್ನುವುದು ಒಟ್ಟಿಗೆ ಹೋಗುತ್ತದೆ. ದೂರದ ಕಂಪ್ಯೂಟರ್‌ಗೆ ನೆಟ್‌ವರ್ಕ್ ಮೂಲಕ ಸೇರಿಸುವ ಟೆಲ್ನೆಟ್ ಮೇಲೆ ಇದೇ ಮಾತುಕತೆ ನಡೆಸುವ ಟಿಎನ್3270ಯಲ್ಲಿ ಪ್ರತಿ ಸಂದೇಶದ ಕೊನೆಗೆ ಎಫ್‌ಎಫ್, ಇಎಫ್ ಎಂಬ ಎರಡು ಬೈಟ್ ಗುರುತು ಇರುತ್ತದೆ. ಇಂಥ ಸಂವಾದವನ್ನು ತುಂಡು ತುಂಡಾಗಿ ಕತ್ತರಿಸಿ ಇಡುವುದು ಸುಲಭ.

ಎಕ್ಸ್3270 ಎಂಬ ಮುಕ್ತ ಎಮ್ಯುಲೇಟರ್‌ನಲ್ಲಿ (ಪಿಸಿ ಮೇಲೆ ಟರ್ಮಿನಲ್‌ನಂತೆ ನಡೆಯುವ ಸಾಫ್ಟ್‌ವೇರ್) ಇದನ್ನು ಕಣ್ಣಾರೆ ನೋಡಬಹುದು. ಬಂದದ್ದು, ಹೋದದ್ದನ್ನೆಲ್ಲ ಬರೆದಿಡುವ ಟ್ರೇಸ್ ಆನ್ ಮಾಡಿದರೆ ಫೈಲ್‌ನಲ್ಲಿ ಹೋಸ್ಟ್‌ನಿಂದ ಬಂದ ಸಾಲಿಗೆ ಒಂದು ದಿಕ್ಕಿನ ಬಾಣ, ಹೋದ ಸಾಲಿಗೆ ಇನ್ನೊಂದು ದಿಕ್ಕಿನ ಬಾಣ. ಅದರ ಜೊತೆಗೇ ಬರುವ ಪ್ಲೇಬ್ಯಾಕ್ ಎಂಬ ಚಿಕ್ಕ ಪ್ರೋಗ್ರಾಮ್ ಆ ಫೈಲ್ ಓದಿಕೊಂಡು ಹೋಸ್ಟ್ ಆಗಿ ನಿಲ್ಲುತ್ತದೆ. ಎಮ್ಯುಲೇಟರನ್ನು ಅದಕ್ಕೆ ಕನೆಕ್ಟ್ ಮಾಡಿ ಒಂದೊಂದೇ ಹೆಜ್ಜೆ ಮುಂದೆ ಸಾಗಬಹುದು. ಸ್ಕ್ರೀನ್ ತಪ್ಪಾಗಿ ಮೂಡುತ್ತಿದ್ದರೆ ದೋಷ ಹುಡುಕಲು ಇಷ್ಟು ಧಾರಾಳವಾಗಿ ಸಾಕು. ಹೋಸ್ಟ್ ಎಲ್ಲೋ ಇರಲಿ, ತೊಂದರೆ ಕೊಟ್ಟ ಆ ಬೈಟ್‌ಗಳು ನಮ್ಮ ಮೇಜಿನ ಮೇಲೆಯೇ ಇರುತ್ತವೆ. ಇದು ನಿಜಕ್ಕೂ ದೊಡ್ಡ ಅನುಕೂಲ.

ಆದರೆ ಇಂಥ ಸಾದಾ ರೆಕಾರ್ಡಿಂಗ್ ನೀವು ಟೈಪ್ ಮಾಡಿದ್ದನ್ನು ಓದುವುದೇ ಇಲ್ಲ. ಖಾತೆ ಸಂಖ್ಯೆ ಬೇರೆ ಕೊಟ್ಟರೂ ಅದೇ ಗ್ರಾಹಕರ ವಿವರ ಬರುತ್ತದೆ. ಇದನ್ನು ಸರಿಪಡಿಸಲು ತಂಡಗಳು ಮೇಲೊಂದು ಪದರ ಕಟ್ಟಿದವು. ಈಗ ಯಾವ ಸ್ಕ್ರೀನ್‌ನಲ್ಲಿದ್ದೇವೆ, ಬಂದ ಕೀ ಯಾವುದು, ಫೀಲ್ಡ್‌ನಲ್ಲಿ ಏನಿದೆ ಎಂದು ನೋಡಿ ಅದಕ್ಕೆ ಹೊಂದುವ ತುಂಡನ್ನು ಕಳಿಸುವ ಪದರ. ಪಿಎಫ್3 ಒತ್ತಿದರೆ ಹಿಂದಿನ ಮೆನು, ಎಂಟರ್ ಆದರೆ ಮುಂದಿನ ವಿವರ. ಇಲ್ಲಿಂದ ರೆಕಾರ್ಡಿಂಗ್ ಒಂದು ಪುಟ್ಟ ಹೋಸ್ಟ್ ಆಗಲು ಶುರುವಾಗುತ್ತದೆ. ತೊಡಕೂ ಇಲ್ಲಿಂದಲೇ. ತಾರೀಕು, ಸಮಯ, ವಹಿವಾಟಿನ ಸಂಖ್ಯೆ ಪ್ರತಿ ಬಾರಿ ಬದಲಾಗಬೇಕು. ಇವತ್ತು ಹಣ ಹಾಕಿದರೆ ಮುಂದಿನ ಸ್ಕ್ರೀನ್‌ನಲ್ಲಿ ಖಾತೆಯ ಮೊತ್ತ ಏರಿರಬೇಕು. ಒಂದೊಂದು ನಿಯಮ ಸೇರಿಸಿದಾಗಲೂ ಕೋಬಾಲ್‌ನಲ್ಲಿ ಬರೆದಿರುವುದನ್ನೇ ಇನ್ನೊಮ್ಮೆ, ಊಹೆಯಿಂದ, ಬರೆಯುತ್ತಿರುತ್ತೇವೆ. ವೈ2ಕೆ ಟೆಸ್ಟ್‌ಗೆ ರೆಕಾರ್ಡಿಂಗ್ ಒದಗದಿದ್ದುದಕ್ಕೂ ಇದೇ ಕಾರಣ. ತಾರೀಕಿನ ಲೆಕ್ಕ ನಡೆಯುವುದು ಹೋಸ್ಟ್ ಒಳಗೆ, ಅದು ರೆಕಾರ್ಡ್ ಆಗುವುದಿಲ್ಲ.

ಹಾಗಾದರೆ ಯಾವುದಕ್ಕೆ ಸಾಕು? ಸ್ಕ್ರೀನ್ ಓದುವ ಪ್ರೋಗ್ರಾಮ್‌ಗಳಿಗೆ. 1990ರ ದಶಕದ ಕೊನೆಗೆ ಹಸಿರು ಸ್ಕ್ರೀನ್ ಮುಂದೆ ವೆಬ್ ಪುಟ ಇಡುವ ಕೆಲಸ ಬಂತು. 'ಇಷ್ಟನೇ ಸಾಲು, ಇಷ್ಟನೇ ಕಾಲಂನಿಂದ ಹೆಸರು ಎತ್ತಿಕೋ' ಎನ್ನುವ ಥರದ ಕೋಡ್ ಅದು. ಜನರ ಬದಲು ಸ್ಕ್ರೀನ್ ನಡೆಸುವ ಇವತ್ತಿನ ಆರ್‌ಪಿಎ ಬಾಟ್‌ಗಳಲ್ಲೂ ಎಷ್ಟೋ ಇದನ್ನೇ ಮಾಡುತ್ತವೆ. ಇವುಗಳ ಟೆಸ್ಟ್‌ಗೆ ಒಳ್ಳೆಯ ರೆಕಾರ್ಡಿಂಗ್‌ಗಿಂತ ಬೇರೆ ಬೇಕಿಲ್ಲ. ಹೋಸ್ಟ್‌ನ ಲೆಕ್ಕವನ್ನೇ ಹೊಸ ವ್ಯವಸ್ಥೆಗೆ ಒಯ್ಯುತ್ತೀರಾ? ಆಗ ರೆಕಾರ್ಡಿಂಗ್ ತೋರಿಸುವುದು ಅವತ್ತು ಯಾರೋ ನಡೆದ ದಾರಿಯನ್ನು ಮಾತ್ರ. ಯಾರೂ ಒತ್ತದ ಕೀ ಅದರಲ್ಲಿಲ್ಲ. ವರ್ಷಕ್ಕೊಮ್ಮೆ ಬರುವ ತಪ್ಪು ಸಂದೇಶವೂ ಇಲ್ಲ.

ರೆಕಾರ್ಡಿಂಗ್ ಬದಲು ಬೇರೆ ದಾರಿ ಇಲ್ಲವೇ? ಹರ್ಕ್ಯುಲಿಸ್‌ನಂಥ ಸಾಫ್ಟ್‌ವೇರ್ ಇಡೀ ಮೇನ್‌ಫ್ರೇಮ್ ಮೆಷಿನನ್ನೇ ಪಿಸಿ ಮೇಲೆ ಅನುಕರಿಸುತ್ತದೆ, ಆದರೆ ಬ್ಯಾಂಕಿನ ಪ್ರೋಗ್ರಾಮೂ ಡೇಟಾವೂ ಅದರ ಜೊತೆ ಬರುವುದಿಲ್ಲ. ಐಬಿಎಂನ ಟಿಪಿಎನ್‌ಎಸ್ ಎಂಬ ಸಾಫ್ಟ್‌ವೇರ್ ಉಲ್ಟಾ ದಿಕ್ಕಿನದಾಗಿತ್ತು, ಟರ್ಮಿನಲ್‌ಗಳಂತೆ ನಟಿಸಿ ಹೋಸ್ಟ್ ಮೇಲೆ ಭಾರ ಹಾಕುತ್ತಿತ್ತು.

ಇನ್ನೊಂದು ವಿಷಯಕ್ಕೆ ಮೀಟಿಂಗ್‌ಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ಪಾಸ್‌ವರ್ಡ್ ಫೀಲ್ಡ್ ಸ್ಕ್ರೀನ್ ಮೇಲೆ ಕಾಣುವುದಿಲ್ಲ, ಅಲ್ವಾ? ಟ್ರೇಸ್‌ನಲ್ಲಿ ಇರುತ್ತದೆ. ಐಬಿಎಂ ಮೇನ್‌ಫ್ರೇಮ್‌ಗಳ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೇ. ಅದರಲ್ಲಿ 'ಎ' ಅಕ್ಷರಕ್ಕೆ ಸಿ1, ಪಿಸಿಗಳ ಸಂಕೇತವಾದ ಆಸ್ಕಿಯಲ್ಲಾದರೆ 41. ಕೋಷ್ಟಕ ನೋಡಿ ಯಾರೂ ಓದಬಹುದು. ಲೈನ್‌ನಲ್ಲಿ ಹೋಗುವುದನ್ನು ಗುಟ್ಟಾಗಿಸುವ ಟಿಎಲ್‌ಎಸ್ ಇದ್ದರೂ ಉಪಯೋಗವಿಲ್ಲ, ಎಮ್ಯುಲೇಟರ್ ಬರೆದಿಡುವುದು ಗುಟ್ಟು ಬಿಚ್ಚಿದ ಮೇಲಿನ ಬೈಟ್‌ಗಳನ್ನು. ಗ್ರಾಹಕರ ಹೆಸರು, ವಿಳಾಸ, ಖಾತೆಯ ಮೊತ್ತ ಎಲ್ಲವೂ ಜೊತೆಗಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಇಂಥ ಫೈಲನ್ನು 'ಬರೀ ಟೆಸ್ಟ್ ಡೇಟಾ' ಎಂದು ಶೇರ್ ಫೋಲ್ಡರ್‌ನಲ್ಲಿ ಬಿಡುವುದು ಸರಿಯಲ್ಲ. ಹೆಸರು ಮರೆಮಾಡುವಾಗ ಅಷ್ಟೇ ಉದ್ದದ ಹೆಸರು ಹಾಕಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಜರುಗಿ ಸ್ಕ್ರೀನ್ ಕೆಡಬಹುದು. ಬೇಸರದ ಕೆಲಸ ನಿಜ, ಆದರೂ ಮಾಡಲೇಬೇಕು.

ಹೋಸ್ಟ್ ಬದಲಾದ ಹಾಗೆ ರೆಕಾರ್ಡಿಂಗ್ ಹಳೆಯದಾಗುತ್ತದೆ. ಈ ತೊಂದರೆಗೆ ಮದ್ದು ಅದೇ ಫೈಲ್‌ನ ಇನ್ನೊಂದು ಅರ್ಧದಲ್ಲಿದೆ. ಟೆಸ್ಟ್ ಹೋಸ್ಟ್ ಸಿಕ್ಕ ಹೊತ್ತಿನಲ್ಲಿ, ಬಳಸುವವರು ಕಳಿಸಿದ ಸಾಲುಗಳನ್ನು ಅದರತ್ತ ಓಡಿಸಬೇಕು. ಬಂದ ಉತ್ತರವನ್ನು ರೆಕಾರ್ಡಿಂಗ್‌ನ ಉತ್ತರದ ಜೊತೆ ತಾಳೆ ನೋಡಬೇಕು. ತಾರೀಕು, ಸಮಯ, ಸಂಖ್ಯೆ ಮಾತ್ರ ಬೇರೆಯಾಗಿದ್ದರೆ ಬಿಡಬಹುದು. ಫೀಲ್ಡ್ ಜರುಗಿದ್ದರೆ, ಹೊಸ ಸಂದೇಶ ಬಂದಿದ್ದರೆ ಆ ತುಂಡನ್ನು ಅವತ್ತೇ ತೆಗೆದು ಮತ್ತೆ ರೆಕಾರ್ಡ್ ಮಾಡಬೇಕು. ಇದಕ್ಕೆ ಯೋಜನೆಯಲ್ಲಿ ಸಮಯ ಇಟ್ಟಿದ್ದಾರಾ ಎಂದು ಶುರುವಿನಲ್ಲೇ ಕೇಳಿಕೊಳ್ಳಬೇಕು.