ಹುಳುಕಿಗೆ ಹೊಣೆ ಒಂದೇ ಬ್ಯಾಕ್ಟೀರಿಯಾ ಅಲ್ಲ

ಹಲ್ಲು ಹುಳುಕಾಗಿದೆ ಎಂದೊಡನೆ, ಬಾಯಲ್ಲಿರುವ ಬ್ಯಾಕ್ಟೀರಿಯಾಗಳನ್ನೆಲ್ಲ ಒಮ್ಮೆಗೇ ನಾಶಮಾಡುವ ಔಷಧಿ ಇಲ್ಲವೇ ಎಂದು ಕೇಳುವವರು ಬಹಳ. ಹೊರಗಿನಿಂದ ಬಂದ ಯಾವುದೋ ರೋಗಾಣು ಹಲ್ಲನ್ನು ಕೊರೆಯುತ್ತಿದೆ ಎಂಬ ಭಾವನೆ ಈ ಪ್ರಶ್ನೆಯ ಹಿಂದಿದೆ. ದಂತವೈದ್ಯರೂ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ಯೋಚಿಸಿದ್ದರು. 1924ರಲ್ಲಿ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದ ಬೇರ್ಪಡಿಸಿ ವಿವರಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವೇ, 1960ರ ದಶಕದಿಂದೀಚೆಗೆ ದಂತಕ್ಷಯದ ಮುಖ್ಯ ಆರೋಪಿಯಾಗಿ ಪಠ್ಯಪುಸ್ತಕಗಳಲ್ಲಿ ನೆಲೆಯಾಯಿತು.

ಆ ಆರೋಪ ಸುಳ್ಳಲ್ಲ, ಆದರೆ ಅಪೂರ್ಣ. ಪ್ರಯೋಗಾಲಯದಲ್ಲಿ ಬೆಳೆಸಲಾಗದ ಬ್ಯಾಕ್ಟೀರಿಯಾಗಳನ್ನೂ ಅವುಗಳ ಡಿಎನ್ಎಯಿಂದಲೇ ಗುರುತಿಸುವ ವಿಧಾನ ಬಂದ ಮೇಲೆ, ಮನುಷ್ಯರ ಬಾಯಲ್ಲಿ ಸುಮಾರು 700 ಪ್ರಭೇದಗಳು ಕಂಡುಬರುತ್ತವೆ ಎಂದು ತಿಳಿಯಿತು. ಹುಳುಕಿನ ಜಾಗದಲ್ಲಿಯೂ ಮ್ಯೂಟನ್ಸ್‌ನ ಪಾಲು ಎಷ್ಟೋ ಸಲ ತೀರಾ ಚಿಕ್ಕದಾಗಿರುತ್ತದೆ. ಕೆಲವರ ಹುಳುಕಿನಲ್ಲಿ ಅದು ಪತ್ತೆಯೇ ಆಗುವುದಿಲ್ಲ. ಇನ್ನೊಂದೆಡೆ, ಅದನ್ನು ಬಾಯಲ್ಲಿಟ್ಟುಕೊಂಡೂ ಹುಳುಕಿಲ್ಲದೆ ಇರುವವರಿದ್ದಾರೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಚೆನ್ನಾಗಿ ಉಜ್ಜಿದ ಹಲ್ಲಿನ ಮೇಲೂ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳ ತೆಳುಪದರ ಕೂರುತ್ತದೆ. ಅದಕ್ಕೆ ಮೊದಲು ಅಂಟಿಕೊಳ್ಳುವವು ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್, ಮೈಟಿಸ್, ಒರಾಲಿಸ್‌ನಂಥ ಸೌಮ್ಯ ಪ್ರಭೇದಗಳು. ಇವೂ ಸಕ್ಕರೆಯಿಂದ ಆಮ್ಲ ಮಾಡುತ್ತವೆ. ಆದರೆ ಸ್ಯಾಂಗ್ವಿನಿಸ್ ಮತ್ತು ಅದರ ಸಂಬಂಧಿ ಗೋರ್ಡೋನಿ, ಜೊಲ್ಲಿನಲ್ಲಿರುವ ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಒಡೆದು ಅಮೋನಿಯಾ ಬಿಡುಗಡೆ ಮಾಡಿ ಆ ಆಮ್ಲವನ್ನು ತಕ್ಕಮಟ್ಟಿಗೆ ತಟಸ್ಥಗೊಳಿಸುತ್ತವೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸಿ ಮ್ಯೂಟನ್ಸ್ ಬೆಳೆಯದಂತೆ ತಡೆಯುತ್ತವೆ. ಹೀಗೆ ಹಲ್ಲಿಗಂಟಿ ಬೆಳೆಯುವ ಬ್ಯಾಕ್ಟೀರಿಯಾಗಳ ಪದರವೇ ಪಾಚಿ (ಪ್ಲಾಕ್). ಆರೋಗ್ಯವಂತ ಹಲ್ಲಿನ ಮೇಲಿನ ಪಾಚಿ ಎಂದರೆ ಬ್ಯಾಕ್ಟೀರಿಯಾ ಇಲ್ಲದ ಸ್ಥಿತಿಯಲ್ಲ, ಇಂಥವುಗಳ ಕೈ ಮೇಲಾಗಿರುವ ಸ್ಥಿತಿ.

ಈ ಸಮತೋಲವನ್ನು ಕೆಡಿಸುವುದು ಪದೇ ಪದೇ ಬಂದು ಹೋಗುವ ಸಕ್ಕರೆ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ತೋರಿಸಿದಂತೆ, ಗ್ಲೂಕೋಸ್ ದ್ರಾವಣದಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿಎಚ್ (ಆಮ್ಲೀಯತೆಯ ಅಳತೆ, ಇದು ಇಳಿದಷ್ಟೂ ಆಮ್ಲ ಹೆಚ್ಚು) ಕುಸಿಯುತ್ತದೆ ಮತ್ತು ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ತನ್ನ ಖನಿಜವನ್ನು ಕಳೆದುಕೊಳ್ಳತೊಡಗುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಗಾದರೆ ಜೊಲ್ಲು ಆ ನಷ್ಟವನ್ನು ತುಂಬಿಕೊಡುತ್ತದೆ. ಗಂಟೆಗೊಮ್ಮೆ ಆದರೆ ಆಮ್ಲವನ್ನು ತಡೆದುಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಮಾತ್ರ ಹೆಚ್ಚುತ್ತ, ಸೌಮ್ಯ ಪ್ರಭೇದಗಳು ಹಿಂದೆ ಬೀಳುತ್ತವೆ. ಮ್ಯೂಟನ್ಸ್ ಆಗ ಸುಕ್ರೋಸ್‌ನಿಂದ ಅಂಟಾದ ಗ್ಲೂಕಾನ್ ತಯಾರಿಸಿ ಪಾಚಿಯನ್ನು ದಪ್ಪವಾಗಿಸುತ್ತದೆ ಮತ್ತು ಅದರ ಒಳಪದರಗಳಿಗೆ ಜೊಲ್ಲು ಸುಲಭವಾಗಿ ತಲುಪುವುದಿಲ್ಲ. ದಂತಕ್ಷಯವನ್ನು ಹೀಗೆ ಪರಿಸರದ ಏರುಪೇರಾಗಿ ನೋಡುವ ವಾದವನ್ನು 1994ರಲ್ಲಿ ಫಿಲಿಪ್ ಮಾರ್ಶ್ ಮಂಡಿಸಿದರು. ದಂತಚಿಕಿತ್ಸೆಯ ಕುರ್ಚಿಯ ಪಕ್ಕದಲ್ಲಿ ನಿಂತು ನೋಡುವ ನನಗೂ ಇದೇ ಹೆಚ್ಚು ಒಪ್ಪಿಗೆಯಾಗುವ ವಿವರಣೆ.

ಏಕೆಂದರೆ ಹುಳುಕು ಇಡೀ ಬಾಯಿಗೆ ಒಂದೇ ಸಮನಾಗಿ ಬರುವುದಿಲ್ಲ. ಒಸಡಿನ ಅಂಚಿನಲ್ಲಿ ಕೂತ ಪಾಚಿಯನ್ನು ತೆಗೆದು, ಹಲ್ಲನ್ನು ಗಾಳಿಯಿಂದ ಒಣಗಿಸಿದಾಗ, ಹೊಳಪು ಕಳೆದುಕೊಂಡ ಸುಣ್ಣದ ಬಣ್ಣದ ಒಂದು ಪಟ್ಟಿ ಕಾಣಿಸುತ್ತದೆ. ಅದೇ ಹಲ್ಲಿನಲ್ಲಿ ಮೂರು ಮಿಲಿಮೀಟರ್ ಮೇಲಕ್ಕೆ ಎನಾಮಲ್ ಗಾಜಿನಂತೆ ನುಣುಪಾಗಿರುತ್ತದೆ. ಎರಡೂ ಜಾಗಗಳನ್ನು ತೊಯ್ಯಿಸುವ ಜೊಲ್ಲು ಒಂದೇ ಆದರೂ ಅವುಗಳ ಮೇಲಿನ ಪಾಚಿಯ ದಪ್ಪವೂ ವಯಸ್ಸೂ ಬೇರೆ. ಆದ್ದರಿಂದಲೇ ಜೊಲ್ಲಿನ ಒಂದು ಮಾದರಿಯಲ್ಲಿ ಬ್ಯಾಕ್ಟೀರಿಯಾ ಎಣಿಸಿ ಹುಳುಕಿನ ಭವಿಷ್ಯ ಹೇಳುವ ಪರೀಕ್ಷೆಗಳ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ.

ಹುಳುಕು ಆಳಕ್ಕೆ ಇಳಿದಂತೆ ನಿವಾಸಿಗಳೂ ಬದಲಾಗುತ್ತಾರೆ. ಬಿಳಿ ಮಚ್ಚೆಯ ಹಂತದಲ್ಲಿ ಸ್ಟ್ರೆಪ್ಟೊಕಾಕಸ್ ಮತ್ತು ಆಕ್ಟಿನೋಮೈಸಿಸ್ ಪ್ರಭೇದಗಳೇ ಹೆಚ್ಚು. ಗುಳಿ ಬಿದ್ದು ಎನಾಮಲ್ ಕೆಳಗಿನ ಪದರವಾದ ಡೆಂಟಿನ್ ಮೆತ್ತಗಾದ ಮೇಲೆ, ಆಮ್ಲವನ್ನು ಬಲವಾಗಿ ತಾಳಿಕೊಳ್ಳುವ ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಮ್‌ನಂಥವು ಅಲ್ಲಿ ತುಂಬಿಕೊಳ್ಳುತ್ತವೆ ಮತ್ತು ಪ್ರಭೇದಗಳ ವೈವಿಧ್ಯ ಬಹುತೇಕ ಕುಗ್ಗುತ್ತದೆ. ಚಿಕ್ಕ ಮಕ್ಕಳ ತೀವ್ರ ಹುಳುಕಿನಲ್ಲಿ ಸ್ಕಾರ್ಡೋವಿಯಾ ವಿಗ್ಸಿಯೇ ಎಂಬ ಬ್ಯಾಕ್ಟೀರಿಯಾವೂ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಮ್ಯೂಟನ್ಸ್ ಜೊತೆಗೆ ಸಿಗುವುದುಂಟು. ಆದರೆ ಹುಳುಕಿನಲ್ಲಿ ಹೆಚ್ಚಾಗಿ ಕಂಡದ್ದೆಲ್ಲ ಅಪರಾಧಿಯಲ್ಲ: ವೈಲೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುವುದು ಇತರರು ಬಿಟ್ಟ ಲ್ಯಾಕ್ಟಿಕ್ ಆಮ್ಲವೇ ಅದರ ಆಹಾರವಾದ್ದರಿಂದ, ಮತ್ತು ಅದು ಆ ಆಮ್ಲವನ್ನು ಅದಕ್ಕಿಂತ ದುರ್ಬಲ ಆಮ್ಲಗಳಾಗಿ ಮಾರ್ಪಡಿಸುತ್ತದೆ.

ಚಿಕಿತ್ಸೆಯ ಲೆಕ್ಕವೂ ಇಲ್ಲಿಂದಲೇ ಹೊರಡುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಸೌಮ್ಯ ಪ್ರಭೇದಗಳನ್ನೂ ಕೊಲ್ಲುತ್ತದೆ, ಬಳಕೆ ನಿಲ್ಲಿಸಿದ ಮೇಲೆ ಅದೇ ಆಹಾರಕ್ರಮಕ್ಕೆ ಅದೇ ಸಮುದಾಯ ಮರಳಿ ಬೆಳೆಯುತ್ತದೆ. ಫ್ಲೋರೈಡ್ ಪೇಸ್ಟಿನ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಲ್ಲ, ಕಳೆದ ಖನಿಜ ಎನಾಮಲ್‌ಗೆ ಮರಳಲು ನೆರವಾಗುವುದು. ಗುಳಿಗೆ ಹಾಕುವ ಫಿಲ್ಲಿಂಗ್ ಆ ಗುಳಿಯನ್ನು ಮುಚ್ಚುತ್ತದೆಯೇ ಹೊರತು ಪಕ್ಕದ ಹಲ್ಲುಗಳ ಮೇಲಿನ ಪಾಚಿಯನ್ನು ಬದಲಿಸುವುದಿಲ್ಲ. ಕೆಲವು ವರ್ಷಗಳ ನಂತರ ಫಿಲ್ಲಿಂಗಿನ ಅಂಚಿನಲ್ಲೇ ಹೊಸ ಹುಳುಕು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಒಬ್ಬರಿಗೆ ಮತ್ತೆ ಮತ್ತೆ ಹುಳುಕು ಬರುತ್ತಿದ್ದರೆ ನಾನು ಮೊದಲು ಕೇಳುವುದು ಅವರು ಎಷ್ಟು ಸಿಹಿ ತಿನ್ನುತ್ತಾರೆ ಎಂದಲ್ಲ. ಊಟಗಳ ನಡುವೆ ಎಷ್ಟು ಸಲ ತಿನ್ನುತ್ತಾರೆ, ರಾತ್ರಿ ಹಲ್ಲುಜ್ಜಿದ ಮೇಲೆ ಏನಾದರೂ ಬಾಯಿಗೆ ಹೋಗುತ್ತದೆಯೇ, ಬಾಯಿ ಒಣಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು.