ಕಾಲು ಬಿಟ್ಟ ಕೋಳಿಗೆ ನೆಲವೇ ಮದ್ದು

"ಸರ್, ಕೋಳಿಗಳು ಕಾಲು ಬಿಡ್ತಿವೆ. ಕ್ಯಾಲ್ಸಿಯಂ ಬರ್ಕೊಡಿ."

ಹೊಸಪೇಟೆ ಕಡೆಯ ಲೇಯರ್ (ಮೊಟ್ಟೆ ಕೋಳಿ) ಶೆಡ್‌ಗಳಿಂದ ಪಶುವೈದ್ಯನಾದ ನನಗೆ ಆಗಾಗ ಬರುವ ಫೋನ್ ಇದು. ಹೋಗಿ ನೋಡಿದರೆ ಪಂಜರದ ಮೂಲೆಯಲ್ಲಿ ಕೋಳಿ ಮಗ್ಗುಲಾಗಿ ಬಿದ್ದಿರುತ್ತದೆ. ಕಣ್ಣು ಚುರುಕಾಗೇ ಇರುತ್ತದೆ. ಕತ್ತು ಚಾಚುತ್ತದೆ, ಫೀಡ್ ಎಟುಕುವುದಿಲ್ಲ. ಜೊತೆಯವು ಅದರ ಮೈಮೇಲೇ ನಿಂತು ತಿನ್ನುತ್ತಿರುತ್ತವೆ. ಅವಕ್ಕಾದರೂ ಬೇರೆ ಜಾಗ ಎಲ್ಲಿದೆ?

ಸತ್ತ ಕೋಳಿಯನ್ನು ಕೊಯ್ದು ನೋಡುವಾಗ ಕಾಲಿನ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸುತ್ತೇನೆ. ಗಟ್ಟಿ ಮೂಳೆ ಲಟಕ್ಕನೆ ಮುರಿಯಬೇಕು. ಇವುಗಳದ್ದು ಸದ್ದೇ ಇಲ್ಲದೆ ಮುರಿಯುತ್ತದೆ.

ಒಂದು ಮೊಟ್ಟೆಯ ಚಿಪ್ಪಿಗೆ 2 ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಬೇಕು. ಕೋಳಿಯ ಮೂಳೆಗಳಲ್ಲೆಲ್ಲ ಸೇರಿ ಇರುವುದೇ ಸುಮಾರು 20 ಗ್ರಾಂ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಕೋಳಿ ಮೇಯದ ಹೊತ್ತಿನಲ್ಲಿ. ಆಗ ಮೂಳೆಯಿಂದಲೇ ಸಾಲ ಎತ್ತಬೇಕು. ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುವ ತಳಿ ಇದು, ಸಾಲ ತೀರಿಸಲು ಪುರಸೊತ್ತೇ ಇಲ್ಲ. ಹಿತ್ತಲಿನ ನಾಟಿ ಕೋಳಿ ಇಡುವುದೂ ಕಮ್ಮಿ, ದಿನವಿಡೀ ಕೆದಕಿ ಓಡಾಡುವುದರಿಂದ ಮೂಳೆಗೆ ಬಲವೂ ಬರುತ್ತದೆ. ಪಂಜರದಲ್ಲಿ ಒಂದು ಕೋಳಿಗೆ ಸಿಗುವುದು ಸಾಮಾನ್ಯವಾಗಿ 450 ಚದರ ಸೆಂಟಿಮೀಟರ್ ಜಾಗ. ಒಂದು ಎ4 ಹಾಳೆಯೇ 620ಕ್ಕಿಂತ ಜಾಸ್ತಿ ಇರುತ್ತದೆ. ಅಷ್ಟರಲ್ಲಿ ರೆಕ್ಕೆ ಬಿಚ್ಚುವುದು ಹೇಗೆ?

ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದುಕೊಡುತ್ತೇನೆ. ಜೊತೆಗೆ ಬಿದ್ದ ಕೋಳಿಯನ್ನು ಹೊರಗೆ ತೆಗೆದು ಭತ್ತದ ಹೊಟ್ಟು ಹಾಸಿದ ನೆಲದಲ್ಲಿ ಬಿಡಲು ಹೇಳುತ್ತೇನೆ. ಎಲ್ಲವೂ ಉಳಿಯುವುದಿಲ್ಲ. ಆದರೆ ಎಷ್ಟೋ ಕೋಳಿಗಳು ಕೆಲವೇ ದಿನಗಳಲ್ಲಿ ಎದ್ದು ನಡೆಯುತ್ತವೆ. ನೆಲಕ್ಕೆ ಬಿಟ್ಟರೆ ವಾಸಿಯಾಗುವ ಕಾಯಿಲೆಗೆ ಕಾರಣ ಏನು ಅಂತ ಬೇರೆ ಹೇಳಬೇಕಾ?

ರೈತರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪಂಜರದಲ್ಲಿ ಹಿಕ್ಕೆ ಕೆಳಗೆ ಬೀಳುತ್ತದೆ, ಮೊಟ್ಟೆ ಚೊಕ್ಕಟವಾಗಿರುತ್ತದೆ, ಜಂತು ಕಮ್ಮಿ. ನೆಲದ ಸಾಕಣೆಯಲ್ಲಿ ರಕ್ತಭೇದಿ ಬರುತ್ತದೆ, ಒಂದನ್ನೊಂದು ಕುಕ್ಕುತ್ತವೆ, ಆಳಿನ ಖರ್ಚೂ ಹೆಚ್ಚು. ಮೊಟ್ಟೆಯ ರೇಟು ಪೈಸೆ ಲೆಕ್ಕದಲ್ಲಿ ಬಿದ್ದರೂ ಸಾವಿರಾರು ಕೋಳಿ ಸಾಕಿದವರಿಗೆ ದೊಡ್ಡ ಪೆಟ್ಟು. ಎಲ್ಲ ನಿಜ. ಆದರೆ ಜಂತು, ಭೇದಿಯನ್ನು ನಾವು ಮೈಬಗ್ಗಿಸಿ ದುಡಿದು ಹತೋಟಿಗೆ ತರಬಹುದು. ಪಂಜರದೊಳಗಿನ ಮೂಳೆಗೆ ನಮ್ಮ ದುಡಿಮೆ ತಲುಪುವುದಿಲ್ಲ.

ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ತಪ್ಪು. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಇಂಥ ಬರೀ ತಂತಿಯ ಪಂಜರಕ್ಕೆ 2012ರಿಂದಲೇ ನಿಷೇಧ ಇದೆ. ನಮ್ಮ ಕಾನೂನು ಆಯೋಗವೂ 2017ರಲ್ಲಿ ಈ ಬಗ್ಗೆ ವರದಿ ಕೊಟ್ಟಿತು.

ಈಚೆಗೆ ಒಂದು ಶೆಡ್‌ನಲ್ಲಿ ಹೊಟ್ಟಿನ ಮೇಲೆ ಬಿಟ್ಟಿದ್ದ ಕೋಳಿ ನಾಲ್ಕನೇ ದಿನ ಎದ್ದಿತು. ಎರಡು ಹೆಜ್ಜೆ ಇಟ್ಟು, ಕಾಲಲ್ಲಿ ಕೆದಕಿ, ಮೈ ಚೆಲ್ಲಿ ಹೊರಳಾಡತೊಡಗಿತು. ಹೊಟ್ಟನ್ನು ರೆಕ್ಕೆಯೊಳಗೆಲ್ಲ ತೂರಿಕೊಂಡಿತು. ಅದು ಹುಟ್ಟಿದಾಗಿನಿಂದ ಮಣ್ಣು ನೋಡಿದ್ದಲ್ಲ, ತಾಯಿಯ ಜೊತೆ ಬೆಳೆದದ್ದೂ ಅಲ್ಲ.

"ನಮ್ಮನೆ ನಾಟಿ ಕೋಳಿ ತರಾನೇ ಮಾಡ್ತಿದೆ ಸರ್" ಅಂದ ಕೆಲಸದ ಹುಡುಗ. ಸ್ವಲ್ಪ ಹೊತ್ತು ನೋಡಿ ಕೇಳಿದ: "ಮತ್ತೆ ಒಳಗೆ ಹಾಕ್ಬೇಕಾ?"